ಅಂಕಿ ಹುಟ್ಟಿದ ಮನೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ‘ವಾಣಿಜ್ಯ ವಿದ್ಯಾರ್ಥಿಗಳಿಗೆ ಮಾಹಿತಿಯ ಮೂಲಗಳು’ ಎಂಬ ವಿಷಯ ಕುರಿತು ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷ ತುಂಬಿದ ಈ ಶಾಲೆಯ ಹಬ್ಬದಲ್ಲಿ ನನಗೂ ನಾಲ್ಕು ಮಾತಾಡಲು ಅವಕಾಶ ಕೊಟ್ಟದ್ದು ನನ್ನ ಭಾಗ್ಯ. ನಾನು ಓದಿದ್ದು ಬಿ.ಇ. ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಹೀಗಿರುವಾಗ ಲೆಕ್ಕಪತ್ರ, ಹಣಕಾಸಿನ ವಿಷಯ ಇವನಿಗೇಕೆ ಎಂದು ನಿಮಗೆ ಅನಿಸಬಹುದು. ಕಾರಣ ಎರಡು. ಮೊದಲನೆಯದು, ಕಂಪನಿಗಳ ವಾರ್ಷಿಕ ವರದಿಗಳಿಂದ ಅಂಕಿಗಳನ್ನು ಎತ್ತಿ ಜೋಡಿಸುವ ತಂತ್ರಾಂಶ ಬರೆಯುವುದೇ ನನ್ನ ಹೊಟ್ಟೆಪಾಡು. ಎಷ್ಟೋ ವರ್ಷಗಳಿಂದ ಬ್ಯಾಲೆನ್ಸ್ ಶೀಟುಗಳ ನಡುವೆಯೇ ಕುಳಿತಿದ್ದೇನೆ. ಎರಡನೆಯದು, ನಮ್ಮ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಕಾಮರ್ಸ್ ತೆಗೆದುಕೊಳ್ಳುವ ಮಕ್ಕಳು ಬಹಳ. ಇಂಜಿನಿಯರಿಂಗಿಗೆ ಹೋಗುವವರಿಗೆ ದಾರಿ ಹೇಳಲು ಹತ್ತು ಜನ ಇದ್ದಾರೆ. ಬಿ.ಕಾಂ. ಓದುವ ಮಗುವಿಗೆ ‘ಇಲ್ಲಿ ಹುಡುಕು’ ಎಂದು ಹೇಳುವವರು ಕಡಿಮೆ.

ಬಿ.ಕಾಂ. ಕೊನೆಯ ವರ್ಷಕ್ಕೆ, ಎಂ.ಕಾಂ.ಗೆ ಒಂದು ಪ್ರಾಜೆಕ್ಟ್ ವರದಿ ಬರೆಯಬೇಕು. ಆಗ ಏನಾಗುತ್ತದೆ ಎಂಬುದು ಇಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಹಳೆಯ ಪ್ರಾಜೆಕ್ಟುಗಳು ಸಿಗುತ್ತವೆ. ಹೆಸರು ಬದಲಾಯಿಸಿ ಬೈಂಡ್ ಮಾಡಿಸಿದರೆ ಆಯಿತು. ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಎಲ್ಲಿ ಹುಡುಕಬೇಕೆಂದು ಯಾರೂ ಹೇಳದಿದ್ದರೆ ಮಗು ಝೆರಾಕ್ಸ್ ಅಂಗಡಿಗೇ ಹೋಗುತ್ತದೆ. ಆದರೆ ನಷ್ಟ ಆ ಮಗುವಿಗೇ. ಕೆಲಸದ ಸಂದರ್ಶನದಲ್ಲಿ ‘ಈ ಅಂಕಿ ನಿನಗೆ ಎಲ್ಲಿಂದ ಬಂತು?’ ಎಂದು ಕೇಳಿದಾಗ ಬಾಯಿ ಕಟ್ಟುತ್ತದೆ.

ಆದ್ದರಿಂದ ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು: ಅಂಕಿಯನ್ನು ಅದು ಹುಟ್ಟಿದ ಮನೆಯಲ್ಲೇ ವಿಚಾರಿಸಿ. ಹೆಣ್ಣು ಗಂಡು ನೋಡುವಾಗ ನಾವು ದಾರಿಯಲ್ಲಿ ಸಿಕ್ಕವರ ಮಾತು ಕೇಳಿ ಸುಮ್ಮನಾಗುವುದಿಲ್ಲ, ಮನೆಗೇ ಹೋಗಿ ವಿಚಾರಿಸುತ್ತೇವೆ. ಅಂಕಿಗೂ ಹಾಗೆಯೇ. ಯಾವುದೇ ಅಂಕಿ ಕಣ್ಣಿಗೆ ಬಿದ್ದರೆ ಮೂರು ಪ್ರಶ್ನೆ ಕೇಳಿ. ಇದನ್ನು ಬರೆದವರು ಯಾರು? ಯಾವ ದಿನಾಂಕಕ್ಕೆ ಬರೆದದ್ದು? ಯಾವ ನಿಯಮದ ಪ್ರಕಾರ ಬರೆದದ್ದು?

ಒಂದು ಉದಾಹರಣೆ ಕೊಡುತ್ತೇನೆ. ಎಲ್ಲರಿಗೂ ಗೊತ್ತಿರುವ ಇನ್ಫೋಸಿಸ್ ತೆಗೆದುಕೊಳ್ಳಿ. ಒಂದೇ ವರ್ಷದ ಲಾಭವನ್ನು ಹುಡುಕಿದರೆ ಮೂರು ಅಂಕಿ ಸಿಗುತ್ತವೆ. ಕಂಪನಿ ಒಂದರದ್ದೇ ಲೆಕ್ಕ ಒಂದು. ಅದರ ಅಂಗಸಂಸ್ಥೆಗಳನ್ನೂ ಸೇರಿಸಿದ ಕ್ರೋಡೀಕೃತ ಲೆಕ್ಕ ಇನ್ನೊಂದು. ಅಮೆರಿಕದ ಷೇರುಪೇಟೆಯಲ್ಲೂ ಅದರ ಷೇರು ನಡೆಯುವುದರಿಂದ ಅಲ್ಲಿನ ನಿಯಂತ್ರಣ ಮಂಡಳಿಗೆ ಡಾಲರಿನಲ್ಲಿ, ಅಂತರರಾಷ್ಟ್ರೀಯ ಮಾನದಂಡದಲ್ಲಿ ಕೊಡುವ ಲೆಕ್ಕ ಮತ್ತೊಂದು. ಮೂರೂ ಸರಿ. ಆದರೆ ಈ ವರ್ಷದ್ದನ್ನು ಒಂದರಿಂದ, ಹೋದ ವರ್ಷದ್ದನ್ನು ಇನ್ನೊಂದರಿಂದ ಎತ್ತಿಕೊಂಡು ‘ಲಾಭ ಇಷ್ಟು ಶೇಕಡಾ ಹೆಚ್ಚಿತು’ ಎಂದು ಬರೆದರೆ ಅದು ಪೂರ್ತಿ ತಪ್ಪು. ಅಂತರ್ಜಾಲದಲ್ಲಿ ಯಾರೋ ಮಾಡಿಟ್ಟ ಪಟ್ಟಿಯಲ್ಲಿ ಈ ಅಂಕಿ ಯಾವ ಲೆಕ್ಕದ್ದು ಎಂದು ಎಷ್ಟೋ ಸಲ ಹೇಳಿರುವುದಿಲ್ಲ. ಮೂಲ ವರದಿಯಲ್ಲಿ ಪುಟದ ತಲೆಯಲ್ಲೇ ಬರೆದಿರುತ್ತದೆ.

ಈಗ ಮನೆಗಳ ವಿಳಾಸ ಹೇಳುತ್ತೇನೆ. ಮೊದಲು ಗ್ರಂಥಾಲಯ. ಮೊಬೈಲ್ ಇರುವಾಗ ಗ್ರಂಥಾಲಯ ಏಕೆ ಎಂದು ಮಕ್ಕಳು ಕೇಳುತ್ತಾರೆ. ಅಂಕಿ ಮೊಬೈಲಿನಲ್ಲಿ ಸಿಗಬಹುದು, ಅಂಕಿಯನ್ನು ಓದುವ ವಿದ್ಯೆ ಪುಸ್ತಕದಲ್ಲಿದೆ. ಕಾಲೇಜು ಸೇರಿದ ಮೊದಲ ವಾರವೇ ಗ್ರಂಥಾಲಯಕ್ಕೆ ಹೋಗಿ. ಡ್ಯೂಯಿ ಪದ್ಧತಿಯಲ್ಲಿ ಜೋಡಿಸಿದ್ದರೆ ಕೆಲವೇ ಸಂಖ್ಯೆ ನೆನಪಿಡಿ. ಲೆಕ್ಕಶಾಸ್ತ್ರ 657, ಬ್ಯಾಂಕಿಂಗ್ ಮತ್ತು ಹಣಕಾಸು 332, ಸರ್ಕಾರದ ಹಣಕಾಸು 336, ಕಂಪನಿಗಳ ಹಣಕಾಸು ನಿರ್ವಹಣೆ 658.15. ಈ ಕಪಾಟುಗಳ ಮುಂದೆ ಅರ್ಧ ಗಂಟೆ ನಿಂತರೆ, ನಿಮಗೆ ಬೇಕಾದ ಪುಸ್ತಕದ ಪಕ್ಕದಲ್ಲೇ ಅದಕ್ಕಿಂತ ಒಳ್ಳೆಯದು ಕಣ್ಣಿಗೆ ಬೀಳುತ್ತದೆ. ಗ್ರಂಥಪಾಲಕರನ್ನು ಕೇಳಲು ಸಂಕೋಚ ಬೇಡ. ‘ಸಾರ್, ಫೈನಾನ್ಸ್ ಪುಸ್ತಕ ಕೊಡಿ’ ಎನ್ನಬೇಡಿ. ‘ಹಾಲು ಸಹಕಾರ ಸಂಘಗಳ ದುಡಿಯುವ ಬಂಡವಾಳದ ಬಗ್ಗೆ ಓದಬೇಕು’ ಎನ್ನಿ. ಪ್ರಶ್ನೆ ಎಷ್ಟು ನೇರವೋ ಉತ್ತರ ಅಷ್ಟು ಹತ್ತಿರ.

ಪುಸ್ತಕ ತೆಗೆದುಕೊಳ್ಳುವಾಗ ಮುದ್ರಣದ ವರ್ಷ ನೋಡಿ. ಕಥೆ ಕಾದಂಬರಿ ಹಳೆಯದಾದರೂ ಸರಿ, ತೆರಿಗೆ ಪುಸ್ತಕ ಹಳೆಯದಾಗಬಾರದು. 1956ರ ಕಂಪನಿ ಕಾಯಿದೆಯ ಜಾಗಕ್ಕೆ 2013ರ ಕಾಯಿದೆ ಬಂತು. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂತು. 1961ರ ಆದಾಯ ತೆರಿಗೆ ಕಾಯಿದೆಯ ಜಾಗಕ್ಕೆ 2025ರ ಹೊಸ ಕಾಯಿದೆ ಬಂದಿದೆ, ಅದರ ಜಾರಿಯ ದಿನ 2026ರ ಏಪ್ರಿಲ್ 1. ಅಣ್ಣ ಓದಿದ ತೆರಿಗೆ ಪುಸ್ತಕವನ್ನು ತಂಗಿ ಓದಿ ಪರೀಕ್ಷೆ ಬರೆಯುವಂತಿಲ್ಲ.

ಇದಕ್ಕೆ ಖರ್ಚಿಲ್ಲದ ದಾರಿಯೊಂದಿದೆ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ, ಅಂದರೆ 1949ರಲ್ಲಿ ಕಾಯಿದೆಯ ಮೂಲಕ ಹುಟ್ಟಿದ ಐ.ಸಿ.ಎ.ಐ., ಸಿ.ಎ. ಪರೀಕ್ಷೆಯ ಪಠ್ಯಗಳನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಸಿ.ಎ. ಮಾಡದವರೂ ಓದಬಹುದು. ಲೆಕ್ಕದ ಮಾನದಂಡಗಳ ಮೂಲ ಪಾಠವೂ ಅಲ್ಲಿದೆ. ಗೈಡು ಕೊಳ್ಳಲು ದುಡ್ಡಿಲ್ಲದ ಮಗುವಿಗೆ ಇದು ದೊಡ್ಡ ಆಸರೆ.

ಎರಡನೆಯದು ಕಂಪನಿಗಳ ಮೂಲ ಕಾಗದ. ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ತನ್ನ ವಾರ್ಷಿಕ ವರದಿಯನ್ನು ಬಹಿರಂಗವಾಗಿ ಇಡಲೇಬೇಕು. ಕಂಪನಿಯ ಸ್ವಂತ ಜಾಲತಾಣದಲ್ಲಿ ‘ಇನ್ವೆಸ್ಟರ್ಸ್’ ಎಂಬ ವಿಭಾಗ ನೋಡಿ. ಅಲ್ಲಿ ಸಿಗದಿದ್ದರೆ ಮುಂಬೈ ಷೇರುಪೇಟೆ ಬಿ.ಎಸ್.ಇ. ಅಥವಾ ಎನ್.ಎಸ್.ಇ. ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ. ಮೂರು ತಿಂಗಳಿಗೊಮ್ಮೆ ಬರುವ ಫಲಿತಾಂಶವೂ ಅಲ್ಲೇ ಇದೆ. ಹೊಸದಾಗಿ ಷೇರು ಮಾರಲು ಹೊರಟ ಕಂಪನಿಯಾದರೆ ಸೆಬಿ ಜಾಲತಾಣದಲ್ಲಿ ಅದರ ಕರಡು ವಿವರಣಾ ಪತ್ರ ಇರುತ್ತದೆ. ನೂರಾರು ಪುಟದ ಆ ಪತ್ರದಲ್ಲಿ ‘ಅಪಾಯಗಳು’ ಎಂಬ ಅಧ್ಯಾಯವನ್ನು ಬಿಡದೆ ಓದಿ. ಕಂಪನಿ ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳುವ ಜಾಗ ಅದು. ಷೇರುಪೇಟೆಯಲ್ಲಿ ಇಲ್ಲದ ಕಂಪನಿಗಳ ಕಾಗದ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಸಣ್ಣ ಶುಲ್ಕ ಕಟ್ಟಿದರೆ ನೋಡಲು ಸಿಗುತ್ತದೆ.

ವಾರ್ಷಿಕ ವರದಿ ಕೈಗೆ ಬಂದ ಮೇಲೆ ಮೊದಲ ಪುಟದಿಂದ ಓದಬೇಡಿ. ಮುಂದಿನ ಪುಟಗಳಲ್ಲಿ ಬಣ್ಣದ ಚಿತ್ರ, ಅಧ್ಯಕ್ಷರ ಸಿಹಿ ಮಾತು. ಮೊದಲು ಲೆಕ್ಕ ಪರಿಶೋಧಕರ ವರದಿ ಓದಿ. ಆಮೇಲೆ ನಗದು ಹರಿವಿನ ಪಟ್ಟಿ. ಆಮೇಲೆ ಟಿಪ್ಪಣಿಗಳು. ಲಾಭ ಏರುತ್ತಿದೆ, ಆದರೆ ವ್ಯವಹಾರದಿಂದ ನಗದು ಬರುತ್ತಿಲ್ಲ ಎಂದರೆ ಅಲ್ಲಿ ನಿಂತು ಕಾರಣ ಹುಡುಕಿ. ಅದೇ ನಿಮ್ಮ ಪ್ರಾಜೆಕ್ಟಿನ ನಿಜವಾದ ಪ್ರಶ್ನೆ.

ಮೂಲದ ಕಾಗದವೂ ಸುಳ್ಳಾಡಬಹುದೇ ಎಂದರೆ, ಆಡಬಹುದು. ನಾವು ಸಾಫ್ಟ್‌ವೇರಿನವರು ಮರೆಯಬಾರದ ಕಥೆ ಸತ್ಯಂ ಕಂಪನಿಯದು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡರು. ಪುಸ್ತಕದಲ್ಲಿ ತೋರಿಸಿದ್ದ ₹5,361 ಕೋಟಿ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ ₹5,040 ಕೋಟಿ ಇರಲೇ ಇಲ್ಲ. ಇದರಿಂದ ಕಲಿಯಬೇಕಾದ್ದು, ಒಂದು ಕಾಗದವನ್ನು ಇನ್ನೊಬ್ಬರು ಬರೆದ ಕಾಗದದ ಜೊತೆ ತಾಳೆ ನೋಡಬೇಕು ಎಂಬುದು. ಬ್ಯಾಂಕಿನಲ್ಲಿ ದುಡ್ಡಿದೆ ಎಂದರೆ ಬ್ಯಾಂಕು ಏನು ಹೇಳುತ್ತದೆ? ಸಾಲವಿಲ್ಲ ಎಂದರೆ ಬಡ್ಡಿ ಏಕೆ ಕಟ್ಟಿದೆ? ನಮ್ಮ ಅಜ್ಜಂದಿರು ಅಂಗಡಿಯ ಉದ್ರಿ ಪುಸ್ತಕವನ್ನು ತಮ್ಮ ಮನೆಯ ಗೋಡೆಯ ಮೇಲಿನ ಗೀಟಿನ ಜೊತೆ ಹೋಲಿಸುತ್ತಿದ್ದರಲ್ಲ, ಅದೇ ವಿದ್ಯೆ.

ಮೂರನೆಯದು ದೇಶದ, ರಾಜ್ಯದ ಅಂಕಿ. ಬ್ಯಾಂಕುಗಳು, ಬಡ್ಡಿ ದರ, ಠೇವಣಿ, ಸಾಲ, ಹಣದುಬ್ಬರ ಇವುಗಳ ಮನೆ ರಿಸರ್ವ್ ಬ್ಯಾಂಕ್. 1935ರಲ್ಲಿ ಶುರುವಾದ ಆ ಬ್ಯಾಂಕು ಪ್ರತಿ ತಿಂಗಳು ಬುಲೆಟಿನ್, ಪ್ರತಿ ವರ್ಷ ಭಾರತದ ಅರ್ಥವ್ಯವಸ್ಥೆಯ ಅಂಕಿ ಅಂಶಗಳ ಕೈಪಿಡಿ ಹೊರತರುತ್ತದೆ. ಎಲ್ಲವೂ ಉಚಿತ, ಎಕ್ಸೆಲ್ ರೂಪದಲ್ಲೂ ಸಿಗುತ್ತದೆ. ರಾಜ್ಯದ ಆಯವ್ಯಯ ಆರ್ಥಿಕ ಇಲಾಖೆಯ ತಾಣದಲ್ಲಿದೆ. ಮುಖ್ಯವಾದ ವಿಷಯವೆಂದರೆ ಕರ್ನಾಟಕದ ಬಜೆಟ್ ಭಾಷಣವನ್ನೂ ಆರ್ಥಿಕ ಸಮೀಕ್ಷೆಯನ್ನೂ ಕನ್ನಡದಲ್ಲೇ ಓದಬಹುದು. ಕನ್ನಡ ಮಾಧ್ಯಮದಿಂದ ಬಂದ ನಮ್ಮ ಮಕ್ಕಳು ಮೊದಲು ಅದನ್ನು ಓದಿ, ಆಮೇಲೆ ಇಂಗ್ಲಿಷ್ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡರೆ ವಿಷಯವೂ ಬರುತ್ತದೆ, ಪದಗಳೂ ಬರುತ್ತವೆ. ಬಜೆಟ್ಟಿನಲ್ಲಿ ಹೇಳಿದ್ದು ಖರ್ಚಾಯಿತೇ ಎಂದು ತಿಳಿಯಲು ಸಿ.ಎ.ಜಿ. ವರದಿ ಇದೆ. ಬಜೆಟ್ ಎನ್ನುವುದು ಮಾತು, ಸಿ.ಎ.ಜಿ. ವರದಿ ಎನ್ನುವುದು ಆ ಮಾತಿನ ಲೆಕ್ಕ.

ನಾಲ್ಕನೆಯದು, ನಮಗಿಂತ ಮೊದಲು ಸಂಶೋಧನೆ ಮಾಡಿದವರ ಕೆಲಸ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ತಾಣದಲ್ಲಿ ಸಿಗುತ್ತವೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಪ್ರಬಂಧಗಳೂ ಇವೆ. ನಿಮ್ಮ ವಿಷಯಕ್ಕೆ ಹತ್ತಿರದ ಪ್ರಬಂಧ ತೆಗೆದು ಎರಡನೆಯ ಅಧ್ಯಾಯ ನೋಡಿ. ಸಾಮಾನ್ಯವಾಗಿ ಅಲ್ಲಿ ಹಿಂದಿನ ಅಧ್ಯಯನಗಳ ಪರಿಚಯ ಇರುತ್ತದೆ. ಒಂದು ಬಾಗಿಲು ತೆರೆದರೆ ಐವತ್ತು ಬಾಗಿಲು. ಐಐಟಿ ಖರಗ್‌ಪುರ ಕಟ್ಟಿದ ನ್ಯಾಷನಲ್ ಡಿಜಿಟಲ್ ಲೈಬ್ರರಿಯಲ್ಲಿ ಹೆಸರು ನೋಂದಾಯಿಸಿದರೆ ಪುಸ್ತಕ, ಪಾಠ, ಹಳೆಯ ಪ್ರಶ್ನೆಪತ್ರಿಕೆಗಳ ದಾರಿ ಸಿಗುತ್ತದೆ. ಗೂಗಲ್ ಸ್ಕಾಲರಿನಲ್ಲಿ ಒಂದು ಲೇಖನದ ಕೆಳಗೆ ಅದನ್ನು ಆಮೇಲೆ ಯಾರ್ಯಾರು ಉಲ್ಲೇಖಿಸಿದ್ದಾರೆ ಎಂಬ ಕೊಂಡಿ ಇರುತ್ತದೆ. ಹಳೆಯ ಲೇಖನದಿಂದ ಹೊಸದಕ್ಕೆ ಬರಲು ಅದೇ ಏಣಿ.

ವಿದೇಶದ ಪತ್ರಿಕೆಗಳು ಬಹಳ ದುಬಾರಿ. ಒಂದು ಲೇಖನಕ್ಕೆ ಸಾವಿರಾರು ರೂಪಾಯಿ ಕೇಳುತ್ತವೆ. ಕೇಂದ್ರ ಸರ್ಕಾರ 2025ರ ಜನವರಿಯಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಎಂಬ ಯೋಜನೆ ಶುರು ಮಾಡಿದೆ. ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿಡುವ ಯೋಜನೆ. ನೀವು ಓದುವುದು ಸರ್ಕಾರಿ ಪದವಿ ಕಾಲೇಜಾದರೆ, ನಮ್ಮ ಕಾಲೇಜು ಇದರಲ್ಲಿ ನೋಂದಣಿಯಾಗಿದೆಯೇ, ಲಾಗಿನ್ ಹೇಗೆ ಎಂದು ಗ್ರಂಥಪಾಲಕರನ್ನು ಕೇಳಿ. ಸರ್ಕಾರ ನಿಮ್ಮ ಪರವಾಗಿ ದುಡ್ಡು ಕಟ್ಟಿದೆ. ಕೇಳದೆ ಬಿಟ್ಟರೆ ಬಡಿಸಿದ ಎಲೆ ಬಿಟ್ಟು ಎದ್ದ ಹಾಗೆ.

ಇಲ್ಲಿ ಎ.ಐ. ಬಗ್ಗೆ ಒಂದು ಎಚ್ಚರಿಕೆ. ನನ್ನ ಕೆಲಸವೇ ಅದರ ಪಕ್ಕದಲ್ಲಿ. ಕಷ್ಟದ ಇಂಗ್ಲಿಷ್ ಪ್ಯಾರಾವನ್ನು ಕನ್ನಡದಲ್ಲಿ ವಿವರಿಸು ಎಂದು ಅದನ್ನು ಕೇಳಿ, ಬಹಳ ಉಪಯೋಗ. ಆದರೆ ‘ಈ ವಿಷಯದ ಮೇಲೆ ಹತ್ತು ಲೇಖನ ಕೊಡು’ ಎಂದರೆ ಇಲ್ಲದ ಲೇಖಕರ, ಇಲ್ಲದ ಲೇಖನದ ಹೆಸರನ್ನೂ ಗಂಭೀರವಾಗಿ ಕೊಟ್ಟುಬಿಡಬಹುದು. ಲೇಖನವನ್ನು ನಿಮ್ಮ ಕಣ್ಣಾರೆ ತೆರೆದು ನೋಡುವ ತನಕ ವರದಿಯಲ್ಲಿ ಅದರ ಹೆಸರು ಬರೆಯಬೇಡಿ.

ಐದನೆಯದು, ನಮ್ಮ ಕಾಲ ಬುಡದಲ್ಲೇ ಇರುವ ಮೂಲ. ಪ್ರಾಜೆಕ್ಟ್ ಎಂದರೆ ದೊಡ್ಡ ಕಂಪನಿಯ ಮೇಲೆಯೇ ಆಗಬೇಕೆಂದಿಲ್ಲ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘ ಪ್ರತಿ ವರ್ಷ ಲೆಕ್ಕ ಪರಿಶೋಧನೆ ಮಾಡಿಸುತ್ತದೆ, ಸರ್ವ ಸದಸ್ಯರ ಸಭೆಯಲ್ಲಿ ಜಮಾ ಖರ್ಚು ಮಂಡಿಸುತ್ತದೆ. ನಿಮ್ಮ ಅಪ್ಪ ಅಥವಾ ಅಮ್ಮ ಅದರ ಸದಸ್ಯರು. ಐದು ವರ್ಷದ ವರದಿ ಕೇಳಿ ಪಡೆದು, ಲೀಟರಿಗೆ ಖರ್ಚೆಷ್ಟು, ಲಾಭದಲ್ಲಿ ಬೋನಸ್ ಎಷ್ಟು, ಪಶು ಆಹಾರದ ಬಾಕಿ ಎಷ್ಟು ಎಂದು ನೋಡಿದರೆ ಯಾವ ಝೆರಾಕ್ಸ್ ಅಂಗಡಿಯಲ್ಲೂ ಸಿಗದ ಪ್ರಾಜೆಕ್ಟ್ ಆಗುತ್ತದೆ. ಗ್ರಾಮ ಪಂಚಾಯಿತಿಯ ಜಮಾ ಖರ್ಚಿನ ವಿವರ ‘ಇ-ಗ್ರಾಮ ಸ್ವರಾಜ್’ ತಾಣದಲ್ಲಿ ಎಲ್ಲರೂ ನೋಡಬಹುದು. ಸಿಗದ್ದನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ಯಾರ ಮೇಲೂ ಅನುಮಾನ ಇಟ್ಟುಕೊಂಡು ಹೋಗಬೇಡಿ, ಕಲಿಯಲು ಬಂದಿದ್ದೇವೆ ಎಂದು ವಿನಯದಿಂದ ಕೇಳಿ.

ಇಷ್ಟು ಹೊತ್ತು ಮಕ್ಕಳಿಗೆ ಹೇಳಿದೆ. ಈಗ ಊರಿನ ಹಿರಿಯರಿಗೆ, ತಾಯಂದಿರಿಗೆ ಒಂದು ಮಾತು. ನಾನು ಪಿ.ಯು.ಸಿ.ಯಲ್ಲಿದ್ದಾಗ ನಮ್ಮ ಸುತ್ತಮುತ್ತ ಒಂದು ಕಂಪನಿ ದಿನವಹಿ ಹಣ ಕಟ್ಟಿಸಿಕೊಂಡು, ಒಂದು ದಿನ ಬಾಗಿಲು ಹಾಕಿಕೊಂಡು ಹೋಯಿತು. ಹೆಸರು ಇಲ್ಲಿ ಬೇಡ. ನಮ್ಮ ಅಮ್ಮ ಹಾಲು ಮಾರಿದ ದುಡ್ಡೂ ಅದರಲ್ಲಿತ್ತು, ಇಲ್ಲಿ ಕುಳಿತಿರುವ ಹಲವರ ಮನೆಯದೂ ಇತ್ತು. ಆ ಪಾಸ್‌ಬುಕ್ಕಿನ ಮೇಲೆ ನೋಂದಣಿ ಸಂಖ್ಯೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ನೋಡಿಯೇ ಎಲ್ಲರೂ ನಂಬಿದ್ದು. ಆ ಸಂಖ್ಯೆ ಸುಳ್ಳಲ್ಲ. ಆದರೆ ಕಂಪನಿ ನೋಂದಣಿ ಎಂದರೆ ಕಂಪನಿ ಹುಟ್ಟಿದೆ ಎಂಬುದಕ್ಕೆ ದಾಖಲೆ ಅಷ್ಟೆ. ಜನರಿಂದ ಠೇವಣಿ ಎತ್ತಲು ಅನುಮತಿ ಇದೆ ಎಂದು ಅದರ ಅರ್ಥವಲ್ಲ. ಜನನ ಪ್ರಮಾಣಪತ್ರ ಬೇರೆ, ಬಸ್ ಓಡಿಸುವ ಲೈಸೆನ್ಸ್ ಬೇರೆ. ಈ ವ್ಯತ್ಯಾಸ ಹೇಳಬಲ್ಲ ಒಬ್ಬ ವಾಣಿಜ್ಯ ವಿದ್ಯಾರ್ಥಿ ಆಗ ಬೀದಿಗೊಬ್ಬರಿದ್ದಿದ್ದರೆ ಎಷ್ಟೋ ಮನೆಯ ದುಡ್ಡು ಉಳಿಯುತ್ತಿತ್ತು.

ಈಗ ಪರೀಕ್ಷಿಸುವ ದಾರಿ ಸುಲಭವಾಗಿದೆ. ಸಾರ್ವಜನಿಕರಿಂದ ಠೇವಣಿ ಪಡೆಯಲು ಅನುಮತಿ ಇರುವ ಹಣಕಾಸು ಕಂಪನಿಗಳ ಪಟ್ಟಿ ರಿಸರ್ವ್ ಬ್ಯಾಂಕಿನ ತಾಣದಲ್ಲಿದೆ. ಅನುಮಾನ ಬಂದರೆ ಅದೇ ಬ್ಯಾಂಕಿನ ‘ಸಚೇತ್’ ತಾಣದಲ್ಲಿ ವಿಚಾರಿಸಬಹುದು, ದೂರು ಕೊಡಬಹುದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ₹5 ಲಕ್ಷದವರೆಗೆ ವಿಮೆ ಇದೆ. ವಿಮೆ ಇರುವ ಬ್ಯಾಂಕುಗಳ ಪಟ್ಟಿಯನ್ನು ಠೇವಣಿ ವಿಮಾ ನಿಗಮದ ತಾಣದಲ್ಲಿ ನೋಡಬಹುದು. ಸಹಕಾರಿ ಬ್ಯಾಂಕಿಗೆ ಈ ವಿಮೆ ಉಂಟು, ಬ್ಯಾಂಕ್ ಪರವಾನಗಿ ಇಲ್ಲದ ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಸಂಘದಲ್ಲಿ ಹಣ ಇಡಬೇಡಿ ಎಂದು ನಾನು ಹೇಳುತ್ತಿಲ್ಲ. ಇಡುವ ಮೊದಲು ಅದರ ಲೆಕ್ಕ ಪರಿಶೋಧನಾ ವರದಿಯನ್ನು ಮನೆಯ ಮಗಳ ಕೈಯಲ್ಲಿ ಓದಿಸಿ. ಹುಡುಕುವ ವಿದ್ಯೆ ಪರೀಕ್ಷೆಯ ಅಂಕಕ್ಕೆ ಮಾತ್ರ ಎಂದುಕೊಳ್ಳಬೇಡಿ, ಅದು ಮನೆಯ ಗಂಟಿಗೂ ಕಾವಲು.

ಕೊನೆಯದಾಗಿ ಒಂದು ಅಭ್ಯಾಸ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ. ಅಂಕಿ, ಯಾವ ಕಾಗದ, ಯಾವ ಪುಟ, ನಾನು ನೋಡಿದ ದಿನಾಂಕ. ಜಾಲತಾಣಗಳು ಬದಲಾಗುತ್ತವೆ, ಆದ್ದರಿಂದ ಪಿಡಿಎಫ್ ಇಳಿಸಿಕೊಂಡು ಕಂಪನಿಯ ಹೆಸರು, ವರ್ಷ ಹಾಕಿ ಉಳಿಸಿ. ಏಳನೆಯ ಪೀರಿಯಡ್ಡಿನಲ್ಲಿ ನಮ್ಮ ಗಣಿತದ ಮೇಷ್ಟ್ರು ‘ಉತ್ತರ ಬೇಡ, ಹಂತ ತೋರಿಸು’ ಎನ್ನುತ್ತಿದ್ದರು. ಈ ನೋಟ್‌ಬುಕ್ಕೇ ಆ ಹಂತ. ಇದಿದ್ದರೆ ಯಾವ ಪರೀಕ್ಷಕರೂ ನಿಮ್ಮನ್ನು ಅಲುಗಾಡಿಸಲಾರರು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ‘ಅರಿವು ಕೇಂದ್ರ’ವಾಗಿದೆ. ಅಲ್ಲಿ ಒಂದು ಕಪಾಟನ್ನು ವಾಣಿಜ್ಯ ವಿದ್ಯಾರ್ಥಿಗಳಿಗೆಂದು ಮೀಸಲಿಡೋಣ, ಪ್ರತಿ ವರ್ಷ ಹೊಸ ಮುದ್ರಣದ ಪುಸ್ತಕ ತಂದಿಡೋಣ. ಕಂಪ್ಯೂಟರಿನಲ್ಲಿ ನಾನು ಹೇಳಿದ ತಾಣಗಳ ಪಟ್ಟಿಯನ್ನು ಕನ್ನಡದಲ್ಲಿ ಮಾಡಿ ಹಾಕುವ ಕೆಲಸ ನನ್ನದು. ಊರಿಗೆ ಬಂದ ಭಾನುವಾರಗಳಂದು ಅಲ್ಲಿ ಎರಡು ಗಂಟೆ ಕೂರುತ್ತೇನೆ. ಬ್ಯಾಂಕಿನಲ್ಲಿ, ಖಜಾನೆಯಲ್ಲಿ, ಆಡಿಟ್ ಕಚೇರಿಯಲ್ಲಿ ಕೆಲಸದಲ್ಲಿರುವ ನಮ್ಮ ಶಾಲೆಯವರು ಒಬ್ಬೊಬ್ಬರು ವರ್ಷಕ್ಕೆ ಒಂದು ದಿನ ಕೊಟ್ಟರೂ ಸಾಕು.

 ನಮ್ಮ ಶಾಲೆ ನೂರು ಕಾಲ ಬಾಳಲಿ. ಜೈ ಹಿಂದ್, ಜೈ ಕರ್ನಾಟಕ.